ಹರಕೆ ಆಟದ ಪುಟಕ್ಕೆ ಎಲ್ಮ್

ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಗೆ ತಿರುಗಾಟ ಮುಗಿಸಿದ ಯಕ್ಷಗಾನ ಮೇಳವೊಂದಕ್ಕಾಗಿ ಉಡುಪಿಯಲ್ಲಿ ಕುಳಿತು ನಾನು ಮಾಡಿಕೊಟ್ಟಿದ್ದ, ಹರಕೆ ಆಟದ (ಹರಕೆ ತೀರಿಸಲು ಆಡಿಸುವ ಯಕ್ಷಗಾನದ) ದಿನಾಂಕ ಕಾಯ್ದಿರಿಸುವ ಜಾಲಪುಟವನ್ನು ಈ ಮಳೆಗಾಲದಲ್ಲಿ ಜಾವಾಸ್ಕ್ರಿಪ್ಟ್‌ನಿಂದ ಎಲ್ಮ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬದಲಿಸಲು ನಿರ್ಧರಿಸಿದ್ದೇನೆ. ಹಳೆಯ ಪುಟದಲ್ಲಿ ಒಂದೇ ಮಾಹಿತಿಯನ್ನು ಮೂರು ಕಡೆ ಇಟ್ಟಿದ್ದೆ. ಒಂದನ್ನು ತಿದ್ದಿದರೆ ಉಳಿದೆರಡು ಹಾಗೆಯೇ ಉಳಿದು, ಆಗಲೇ ನಿಗದಿಯಾದ ರಾತ್ರಿಯೂ ಖಾಲಿಯೆಂದು ಕಾಣುತ್ತಿತ್ತು. ಹರಕೆ ಹೊತ್ತ ಮನೆಯವರಿಗೆ ಹಾಗೆ ತಪ್ಪು ದಿನ ತೋರಿಸುವುದು ಸಣ್ಣ ಮಾತಲ್ಲ.

ಇವಾನ್ ಚಪ್ಲಿಕಿ 2012ರಲ್ಲಿ ಹೊರತಂದ ಎಲ್ಮ್‌ನಲ್ಲಿ ಪುಟದ ಇಡೀ ಸ್ಥಿತಿ ಒಂದೇ ಮಾಡೆಲ್‌ನಲ್ಲಿರುತ್ತದೆ. ಗುಂಡಿ ಒತ್ತಿದಾಗ ಸಂದೇಶವೊಂದು ಹುಟ್ಟುತ್ತದೆ, ಅಪ್‌ಡೇಟ್ ಫಂಕ್ಷನ್ ಹಳೆಯ ಮಾಡೆಲನ್ನು ಮುಟ್ಟದೆ ಹೊಸದೊಂದನ್ನು ಕೊಡುತ್ತದೆ, ವ್ಯೂ ಫಂಕ್ಷನ್ ಅದರಿಂದಲೇ ಪರದೆಯನ್ನು ಕಟ್ಟುತ್ತದೆ. 2015ರಲ್ಲಿ ಬಂದ, ಪುಟದ ಸ್ಥಿತಿಯನ್ನು ನಿಭಾಯಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಡಕ್ಸ್ ಕೂಡ ಈ ವಿನ್ಯಾಸದಿಂದ ಪ್ರೇರಣೆ ಪಡೆದದ್ದು. ದಿನವೊಂದರ ಸ್ಥಿತಿಯನ್ನು ‘ಖಾಲಿ’, ‘ಮುಂಗಡ ಬಾಕಿ’, ‘ನಿಗದಿ’ ಎಂಬ ಮೂರೇ ರೂಪಗಳ ಟೈಪ್ ಆಗಿ ಬರೆದರೆ, ಒಂದೊಂದು ರೂಪಕ್ಕೂ ಏನಾಗಬೇಕೆಂದು ಹೇಳುವ ಕೇಸ್ ಬರೆಯುವಾಗ ಯಾವುದನ್ನು ಮರೆತರೂ ಕೋಡನ್ನು ಪರಿವರ್ತಿಸುವ ಕಂಪೈಲರ್ ತಡೆದು ನಿಲ್ಲಿಸುತ್ತದೆ. ನನ್ನ ಮನಸ್ಸನ್ನು ಗೆದ್ದದ್ದು ಇದೇ.

ಜಾಲಪುಟ ಕಟ್ಟುವ ಜನಪ್ರಿಯ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್ ಬಲ್ಲವರು ಮಣಿಪಾಲದಲ್ಲಿ ಸುಲಭವಾಗಿ ಸಿಗುತ್ತಾರೆ, ಎಲ್ಮ್ ಬಲ್ಲವರನ್ನು ನಾನಿನ್ನೂ ಕಂಡಿಲ್ಲ. ಆದರೂ ದೀಪಾವಳಿ ಕಳೆದು ಮೇಳ ಮತ್ತೆ ಹೊರಡುವುದರೊಳಗೆ ಹೊಸ ಪುಟವನ್ನು ಮ್ಯಾನೇಜರರ ಕೈಗೆ ಕೊಡುತ್ತೇನೆ.