ತಲೆ ಮೇಲೆ ಟವೆಲ್, ಕೈಯಲ್ಲಿ ಕಂಪಾಸ್

ಮೊನ್ನೆ ತಲೆ ಮೇಲೆ ಟವೆಲ್ ಹೊದ್ದು, ಎದೆಯ ಮುಂದೆ ಕಂಪಾಸ್ ಹಿಡಿದು ತೋಟದಲ್ಲಿ ನಡೆಯುತ್ತಿದ್ದೆ. ಕಾಲ ಬುಡದ ನೆಲ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಡಿಕೆ ಹಾಳೆ ಹೆಕ್ಕಲು ಬಂದ ಅಮ್ಮ ಸ್ವಲ್ಪ ಹೊತ್ತು ನಿಂತು ನೋಡಿ, "ಎಂತ ಕಳ್ಕೊಂಡ್ಯೋ ಮಾರಾಯಾ?" ಅಂತ ಕೇಳಿದಳು.

ಕಳೆದುಕೊಂಡಿದ್ದು ದಿಕ್ಕು. ಅದೂ ತೋಟದಲ್ಲಲ್ಲ, ನೇತ್ರಾಣಿ ಹತ್ತಿರ ನೀರಿನೊಳಗೆ.

ಅಡಿಕೆ ಕೊನೆ ಕೊಯ್ಲು ಮುಗಿದ ಮೇಲೆ ವರ್ಷಕ್ಕೆ ಎರಡು ಸಲವಾದರೂ ನಾನು ಡೈವಿಂಗ್‌ಗೆ ಹೋಗುತ್ತೇನೆ. ತಾಳಗುಪ್ಪದಿಂದ ಬೆಳಗಿನ ಜಾವ ಹೊರಟು, ಗೇರುಸೊಪ್ಪೆ ಘಟ್ಟ ಇಳಿದು, ಹೊನ್ನಾವರದಲ್ಲಿ ಒಂದು ಚಾ ಕುಡಿದು ಮುರುಡೇಶ್ವರ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ ದ್ವೀಪ. ಮಳೆಗಾಲದಲ್ಲಿ ಆ ಕಡೆ ತಲೆ ಹಾಕುವ ಹಾಗಿಲ್ಲ.

ಕೈಗೆ ಕಟ್ಟಿಕೊಂಡು ನೀರಿನಲ್ಲಿ ಆಳ, ಹೊತ್ತು ನೋಡುವ ನನ್ನ ಡೈವ್ ಕಂಪ್ಯೂಟರ್‌ನಲ್ಲೇ ಡಿಜಿಟಲ್ ಕಂಪಾಸ್ ಇದೆ. ಹಿಂದಿನ ರಾತ್ರಿ ಅದರ ಬ್ಯಾಟರಿ ಬದಲಿಸಿದ್ದೆ. ಬದಲಿಸಿದ ಮೇಲೆ ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಅದನ್ನು ಎಲ್ಲ ಕಡೆಗೂ ನಿಧಾನಕ್ಕೆ ಹೊರಳಿಸಬೇಕು. ಆಗ ಒಳಗಿನ ಸೆನ್ಸರ್ ಸುತ್ತಲಿನ ಕಾಂತದ ಲೆಕ್ಕ ಹಿಡಿದುಕೊಳ್ಳುತ್ತದೆ. ನಾನು ಆ ಕೆಲಸ ಮಾಡಿದ್ದು ದೋಣಿಯಲ್ಲಿ, ಎಂಜಿನ್ ಪಕ್ಕ ಕೂತು. ಪಾಪ, ಅದು ಎಂಜಿನ್ನಿನ ಕಬ್ಬಿಣವನ್ನೂ ಭೂಮಿಯ ಲೆಕ್ಕಕ್ಕೇ ಸೇರಿಸಿಕೊಂಡಿತು.

ಲಂಗರಿನ ಹಗ್ಗ ಹಿಡಿದು ಇಳಿದೆವು, ಬಂಡೆ ಸಾಲಿನ ಗುಂಟ ಹೋದೆವು, ವಾಪಸ್ ತಿರುಗಿದೆವು. ಹಗ್ಗ ಇಲ್ಲ! ಸ್ಕ್ರೀನ್ ಮಾತ್ರ ಖಡಕ್ಕಾಗಿ "ಇದೇ ದಾರಿ" ಅನ್ನುತ್ತಲೇ ಇತ್ತು. 100 ಮೀಟರ್ ಈಜಿನಲ್ಲಿ 10 ಡಿಗ್ರಿ ತಪ್ಪಿದರೆ 17 ಮೀಟರ್ ಪಕ್ಕಕ್ಕೆ ಹೋಗಿರುತ್ತೇವೆ. ಅವತ್ತು ನೀರಲ್ಲಿ ಕಣ್ಣು ಹಾಯುತ್ತಿದ್ದಿದ್ದೇ ಹತ್ತು ಮೀಟರ್. ಇನ್ನೆಲ್ಲಿ ಹಗ್ಗ ಕಾಣಬೇಕು? ಕೊನೆಗೆ ಕೇಸರಿ ಬಲೂನು ಮೇಲೆ ಬಿಟ್ಟು, ಅದರ ಹಿಂದೆ ನಾವೂ ಬಂದೆವು. ದೋಣಿಯವನು ಹತ್ತಿಸಿಕೊಳ್ಳುತ್ತಾ, "ಲಕ್ಷದ್ವೀಪಕ್ಕೆ ಹೊರಟಿದ್ರಾ ಭಟ್ರೇ?" ಅಂದ.

ಸಿಟ್ಟು ಬಂದು, ಮನೆಗೆ ಬಂದವನೇ ಕಪಾಟಿನಲ್ಲಿದ್ದ ಮುಳ್ಳಿನ ಕಂಪಾಸ್ ತೆಗೆದೆ. ಜರ್ಮನಿಯಲ್ಲಿರುವ ಭಾವ ತಂದುಕೊಟ್ಟಿದ್ದು. ಎಣ್ಣೆ ತುಂಬಿದ ಪುಟ್ಟ ಡಬ್ಬಿ, ಒಳಗೆ ತೇಲುವ ಕಾರ್ಡ್ (ಮುಳ್ಳಿಗೆ ಅಂಟಿಕೊಂಡ, ದಿಕ್ಕು ಬರೆದ ಬಿಲ್ಲೆ), ಸುತ್ತ ತಿರುಗಿಸುವ ಬಳೆ. ನೋಡಲು ಬಲು ಚೆಂದ. ಮೇಜಿನ ಮೇಲಿಟ್ಟು ತಿರುಗಿಸಿದರೆ ಕಾರ್ಡ್ ಒಂದು ಕಡೆ ವಾಲಿ, ತಳಕ್ಕೆ ತಾಗಿ, ತಡೆದು ತಡೆದು ಹೊರಳುತ್ತಿದೆ. ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಅದು ಆ ಊರಿನ ಕಂಪಾಸ್, ಅಷ್ಟೇ.

ಭೂಮಿಯ ಕಾಂತದ ಎಳೆತ ಎಲ್ಲ ಕಡೆಯೂ ನೆಲಕ್ಕೆ ಸಮವಾಗಿ ಇರೋದಿಲ್ಲ. ಜರ್ಮನಿಯಲ್ಲಿ ಅದು 65 ಡಿಗ್ರಿ ಆಸುಪಾಸು ಓರೆಯಾಗಿ ನೆಲದೊಳಕ್ಕೆ ಎಳೆಯುತ್ತದೆ. ಮುಳ್ಳಿನ ಉತ್ತರದ ತುದಿ ತಗ್ಗಬಾರದು ಅಂತ ದಕ್ಷಿಣದ ಕಡೆ ಒಂಚೂರು ಭಾರ ಕೊಟ್ಟಿರುತ್ತಾರೆ. ನಮ್ಮ ಕಡೆ ಆ ಓರೆ ಬರೀ 15 ಡಿಗ್ರಿ ಹತ್ತಿರ. ಎಳೆತ ಕಮ್ಮಿಯಾಯಿತು, ಭಾರ ಹಾಗೇ ಉಳಿಯಿತು, ದಕ್ಷಿಣದ ತುದಿ ಕುಸಿದು ಕೂತಿತು. ಇನ್ನೂ ಕೆಳಗೆ, ಕೇರಳದ ತುದಿಯ ಹತ್ತಿರ ಓರೆಯೇ ಇಲ್ಲ. ಕಾಂತದ ಸಮಭಾಜಕ ಹಾದುಹೋಗುವುದು ಅಲ್ಲೇ. 1963ರಲ್ಲಿ ರಾಕೆಟ್ ಹಾರಿಸಲು ಅಲ್ಲಿನ ‘ತುಂಬಾ’ ಎಂಬ ಊರನ್ನು ಆರಿಸಿದ್ದೂ ಅದೇ ಕಾರಣಕ್ಕೆ. ಡಿಜಿಟಲ್‌ಗೆ ಈ ರಗಳೆ ಇಲ್ಲ. ಅದರಲ್ಲಿ ವಾಲಲು ಮುಳ್ಳೇ ಇಲ್ವಲ್ಲ! ಮೂರೂ ಕಡೆಯಿಂದ ಅಳೆದು, ಕೈ ಎಷ್ಟು ವಾಲಿದೆ ಅಂತಲೂ ನೋಡಿ ಲೆಕ್ಕ ಹಾಕುತ್ತದೆ.

ಹಾಗಾದರೆ ಡಿಜಿಟಲ್ಲೇ ಸಾಕಲ್ವಾ ಅಂತ ಮಗಳು ಕೇಳಿದಳು. ಹೌದು, ಅದರ ಸುಖವೇ ಬೇರೆ. ದಿಕ್ಕನ್ನು ಒಂದು ಗುಂಡಿ ಒತ್ತಿ ಲಾಕ್ ಮಾಡಿದರೆ, ಎಡಕ್ಕೆ ಸರಿ, ಬಲಕ್ಕೆ ಸರಿ ಅಂತ ಬಾಣ ತೋರಿಸುತ್ತದೆ. ವಾಪಸ್ ಬರಲು 180 ಕೂಡಿಸುವ ಕೆಲಸವೂ ಇಲ್ಲ. ನನಗೋ ಚಾಳೀಸು ಬಂದಾಗಿದೆ, ಮಾಸ್ಕ್ ಒಳಗೆ ಕನ್ನಡಕ ಹಾಕೋಕಾಗಲ್ಲ. ನೀರಿನಲ್ಲಿ ಎಲ್ಲ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನೋದು ನಿಜ. ಆದರೂ ದಪ್ಪ ಅಂಕಿ ಇದ್ದರೆ ಜೀವಕ್ಕೆ ಹಾಯ್ ಅನ್ನಿಸುತ್ತದೆ.

ಆದರೆ ನನ್ನ ಹೊಟ್ಟೆಯೊಳಗಿನ ಸಂಕಟ ಇದು: ಆ ಜರ್ಮನಿ ಕಂಪಾಸ್ ತಪ್ಪಿದ್ದು ನನ್ನ ಕಣ್ಣಿಗೆ ಬಿತ್ತು. ವಾಲಿತು, ತಾಗಿತು, ತಡೆಯಿತು. ಡಿಜಿಟಲ್ ತಪ್ಪಿದಾಗ ಅದರ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ.

ಅದಕ್ಕೇ ಈಗ ಹೊಸದೊಂದು ಮುಳ್ಳಿನ ಕಂಪಾಸ್ ತರಿಸಿದ್ದೇನೆ. ಯಾವ ಪ್ರದೇಶಕ್ಕೆ ತೂಗಿಸಿದ್ದು, ಎಷ್ಟು ವಾಲಿಸಿದರೂ ತಿರುಗುತ್ತದೆ ಅಂತ ಎರಡೆರಡು ಸಲ ಕೇಳಿಯೇ ತರಿಸಿದ್ದು. ಈಜುವುದು ಇದನ್ನು ನೋಡಿಕೊಂಡು. ಕೈಯಲ್ಲಿರುವ ಡಿಜಿಟಲ್ ಸಾಕ್ಷಿಗೆ.

ಟವೆಲ್ ಹೊದ್ದು ನಡೆದಿದ್ದು ಎರಡನ್ನೂ ಪರೀಕ್ಷೆ ಮಾಡಲು. ಡೈವಿಂಗ್ ಕಲಿಸುವಾಗ ದಡದಲ್ಲಿ ಹೀಗೇ ಅಭ್ಯಾಸ ಮಾಡಿಸುತ್ತಾರೆ. ಅಡಿಕೆ ತೋಟಕ್ಕಿಂತ ಒಳ್ಳೆ ಜಾಗ ಇದಕ್ಕೆ ಸಿಗಲಿಕ್ಕಿಲ್ಲ. ಒಂಬತ್ತು ಅಡಿಗೊಂದು ಮರ, ಗೆರೆ ಎಳೆದ ಹಾಗೆ ಸಾಲು. ಹತ್ತು ಮರ ಮುಂದೆ, 90 ಡಿಗ್ರಿ ತಿರುಗಿ ಮತ್ತೆ ಹತ್ತು, ಹೀಗೇ ಚೌಕ ಮುಗಿಸಿ ಹೊರಟ ಮರಕ್ಕೇ ಬರಬೇಕು. ಮೊದಲ ಸಲ ಒಂದು ಸಾಲು ಆಚೆ ಹೋಗಿ ಬಸಿಗಾಲುವೆಗೆ ಕಾಲು ಹಾಕಿದೆ. ನೋಡಿದರೆ ಸೊಂಟದಲ್ಲಿ ಕತ್ತಿ, ಅಂಗಿ ಜೇಬಿನಲ್ಲಿ ಮೊಬೈಲ್! ಕತ್ತಿಯನ್ನು ಹತ್ತಿರ ತಂದರೆ ಕಾರ್ಡ್ ಅದರ ಕಡೆಗೇ ಮುಖ ತಿರುಗಿಸುತ್ತಿತ್ತು. ಎರಡನ್ನೂ ಕಟ್ಟೆ ಮೇಲಿಟ್ಟು ಡಿಜಿಟಲ್ ಅನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿ ನಡೆದೆ. ಈ ಸಲ ಎರಡರದ್ದೂ ಒಂದೇ ಮಾತು. ಡೈವಿಂಗ್‌ಗೆ ಬೆನ್ನಿಗೆ ಕಟ್ಟುವ ಗಾಳಿಯ ಅಲ್ಯುಮಿನಿಯಂ ಸಿಲಿಂಡರ್ ಏನೂ ತೊಂದರೆ ಕೊಡೋದಿಲ್ಲ, ಆದರೆ ಸ್ವಿಚ್‌ನಲ್ಲಿ ಆಯಸ್ಕಾಂತ ಇರುವ ಟಾರ್ಚನ್ನು ಇನ್ನು ಮೇಲೆ ಇನ್ನೊಂದು ಕೈಗೇ ಕಟ್ಟುತ್ತೇನೆ.

ಅಷ್ಟೆಲ್ಲ ನೋಡಿದ ಮೇಲೆ ಅಮ್ಮ ಸುಮ್ನೆ ಬಿಡುತ್ತಾಳಾ? "ಹಾಗಾದ್ರೆ ಹೆಬ್ಬಾಗಿಲು ಪೂರ್ವಕ್ಕೇ ಇದ್ದಾ ನೋಡು" ಅಂದಳು. ಅಜ್ಜ ನಿಂತು ಕಟ್ಟಿಸಿದ ಬಾಗಿಲು. ಪೂರ್ವ ಅಂದರೆ 90 ಡಿಗ್ರಿ. ಹೊಸ್ತಿಲ ಮೇಲೆ ಹಿಡಿದೆ. 104 ತೋರಿಸಿತು. ಕಬ್ಬಿಣದ ಗ್ರಿಲ್ ಎಳೆದಿರಬಹುದು ಅಂತ ನಾಲ್ಕು ಹೆಜ್ಜೆ ಅಂಗಳಕ್ಕಿಳಿದು ಹಿಡಿದೆ. ಆಗಲೂ 104.

"ಸಮಾ ಇದ್ದು" ಅಂದೆ.