ಮಾತಿನ ಹಲಗೆ: ‘ಟಕ್’ ಸದ್ದು ಕೊನೆಗೂ ತೊಲಗಿತು

ಅಕ್ಕನ ಮಗನಿಗೆ ಆಟಿಸಂ; ಗುಂಡಿ ಒತ್ತಿದರೆ ಮುದ್ರಿಸಿಟ್ಟ ಮಾತು ಕೇಳಿಸುವ ಹಲಗೆಯೊಂದನ್ನು ಅವನಿಗಾಗಿ ಕಟ್ಟುತ್ತಿದ್ದೇನೆ. ಆ ಮಾತಿನ ಹಲಗೆಯಿಂದ ‘ಟಕ್’ ಎನ್ನುವ ಹಾಳು ಸದ್ದು ಹೋಗಿದೆ. ನಿನ್ನೆ ರಾತ್ರಿ ಹೋಯಿತು. ಖುಷಿ ಇನ್ನೂ ಇಳಿದಿಲ್ಲ. ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ನಿಯಂತ್ರಕ ಬೋರ್ಡು, ಗುಂಡಿಗಳ ವೈರಿಂಗ್, ಹಲಸಿನ ಮರದ ಚೌಕಟ್ಟು ಎಲ್ಲವೂ ಇಂಥವನ್ನು ಕಟ್ಟುವ ನೀವೆಲ್ಲ ಮಾಡುವ ಹಾಗೆಯೇ, ಅದನ್ನು ಬಿಡೋಣ.

ಡಿಎಫ್‌ಪ್ಲೇಯರ್ ಮಿನಿ ಎಂಬ, ಮೆಮೊರಿ ಕಾರ್ಡಿನಿಂದ ಧ್ವನಿ ನುಡಿಸುವ ಪುಟ್ಟ ಮಾಡ್ಯೂಲ್ ಬಳಸಿದವರಿಗೆ ಗೊತ್ತು, ಧ್ವನಿ ಶುರುವಾಗುವ ಮುನ್ನ ಸ್ಪೀಕರ್ ‘ಟಕ್’ ಎನ್ನುತ್ತದೆ. ಕರೆಗಂಟೆಯಲ್ಲಾದರೆ ಯಾರೂ ಗಮನಿಸುವುದಿಲ್ಲ. ಆಟಿಸಂ ಇರುವ ಮಗುವಿನ ವಿಷಯ ಬೇರೆ. ಸದ್ದು, ಬೆಳಕು, ಸ್ಪರ್ಶಗಳಿಗೆ ವಿಪರೀತವಾಗಿಯೋ ತೀರಾ ಕಡಿಮೆಯಾಗಿಯೋ ಸ್ಪಂದಿಸುವುದನ್ನು ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5 ಆಟಿಸಂನ ಲಕ್ಷಣಗಳ ಪಟ್ಟಿಗೇ ಸೇರಿಸಿದೆ. ನಮ್ಮ ಹುಡುಗ ಬಲಗಿವಿಯನ್ನು ಭುಜಕ್ಕೆ ಒತ್ತಿ, ಎಡಗಿವಿಯನ್ನು ಅಂಗೈಯಲ್ಲಿ ಮುಚ್ಚಿ, ಉಳಿದ ಕೈಯ ಹೆಬ್ಬೆರಳಿನಿಂದ ಗುಂಡಿ ಒತ್ತುತ್ತಿದ್ದ. ನೀರು ಕೇಳಲು ಇಷ್ಟು ಕಷ್ಟಪಡಬೇಕಾದರೆ ಯಾವ ಮಗು ಕೇಳೀತು?

ವಿದ್ಯುತ್ ತಂತಿಗಳ ನಡುವೆ ದೊಡ್ಡ ಕೆಪಾಸಿಟರ್ ಹಾಕಿದೆ; ಗುಂಯ್ ಎನ್ನುವುದು ಕಡಿಮೆಯಾಯಿತು, ‘ಟಕ್’ ಹಾಗೇ ಉಳಿಯಿತು. ಧ್ವನಿಮುದ್ರಣದ ಆರಂಭದಲ್ಲಿ ಮೌನ ಸೇರಿಸಿದೆ. ಮೌನಕ್ಕೂ ಮೊದಲೇ ‘ಟಕ್’. ಮಾಡ್ಯೂಲ್‌ನೊಳಗಿನ ಆಂಪ್ಲಿಫೈಯರ್ (ಧ್ವನಿ ಹೆಚ್ಚಿಸುವ ಭಾಗ) ಎಚ್ಚರಗೊಳ್ಳುವ ಸದ್ದು ಅದು, ಕಡತಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಆ ಆಂಪ್ಲಿಫೈಯರನ್ನೇ ಕೈಬಿಟ್ಟು, ವರ್ಧಿಸದ ಧ್ವನಿ ಹೊರಬರುವ ಡಿಎಸಿ ಪಿನ್‌ನಿಂದ ಧ್ವನಿಯನ್ನು ಪಿಎಎಂ8302 ಎಂಬ ಬೇರೆ ಆಂಪ್ಲಿಫೈಯರಿಗೆ ಕೊಟ್ಟೆ. ಅದನ್ನು ಚಾಲೂ-ಬಂದ್ ಮಾಡುವ ಎಸ್‌ಡಿ ಪಿನ್ ನ್ಯಾನೋದ ಹಿಡಿತದಲ್ಲಿದೆ. ಮೊದಲು ಹಾಡಿಸುವ ಆಜ್ಞೆ, ಆರಂಭದ ಮೌನ ಮುಗಿಯುವುದರೊಳಗೆ ಆಂಪ್ಲಿಫೈಯರ್ ಚಾಲೂ, ಧ್ವನಿ ಮುಗಿದು ಮಾಡ್ಯೂಲಿನ ಬಿಝಿ ಪಿನ್ ಮೇಲೇರಿದೊಡನೆ ಬಂದ್. ಈಗ ಕೇಳುವುದು ಧ್ವನಿ ಮಾತ್ರ.

ಆದರೆ ಮೌನ ಉದ್ದವಾದರೆ ಹುಡುಗ ಮತ್ತೆ ಒತ್ತುತ್ತಾನೆ, ಮಾತು ಮೊದಲಿನಿಂದ ಶುರುವಾಗುತ್ತದೆ, ಅವನಿಗೆ ಸಿಟ್ಟು ಬರುತ್ತದೆ. ಆದ್ದರಿಂದ ಒತ್ತಿದ ಕ್ಷಣವೇ ಗುಂಡಿಯ ದೀಪ ಹೊತ್ತಿಕೊಳ್ಳುತ್ತದೆ. ಮಾತು ಮುಗಿಯುವವರೆಗೆ ಎರಡನೆಯ ಒತ್ತಿಗೆ ಬೆಲೆಯಿಲ್ಲ.

ಮಾಡ್ಯೂಲ್ ಮಾರುವವರಿಗೂ ಒಂದು ಮಾತು ಹೇಳಲೇಬೇಕು. ಒಂದೇ ಪೊಟ್ಟಣದಲ್ಲಿ ಬಂದ ಮಾಡ್ಯೂಲ್‌ಗಳ ಮೇಲೆ ಬೇರೆ ಬೇರೆ ಚಿಪ್! ಒಂದರಲ್ಲಿ ಕೂಡಿಬಂದ ಸಮಯದ ಲೆಕ್ಕ ಇನ್ನೊಂದರಲ್ಲಿ ಕೆಡುತ್ತದೆ. ಕೇಳಿದರೆ “ಎಲ್ಲಾ ಒಂದೇ ಸರ್” ಎಂಬ ಉತ್ತರ. ಒಂದೇ ಆಗಿದ್ದರೆ ನನ್ನ ಭಾನುವಾರಗಳು ಎಲ್ಲಿ ಹೋದವು? ಕೊಳ್ಳುವ ಮುನ್ನ ಚಿಪ್ಪಿನ ಮೇಲಿನ ಅಕ್ಷರ ಓದಿ.

ಮೆಮೊರಿ ಕಾರ್ಡಿನಲ್ಲಿ ಮೂರು ಫೋಲ್ಡರ್‌ಗಳಿವೆ: 01 ಅಜ್ಜಿಯ ಧ್ವನಿಯಲ್ಲಿ ತುಳು, 02 ಅಕ್ಕನ ಕನ್ನಡ, 03 ಬಾವನ ಮಲಯಾಳ. ಬದಿಯ ಸ್ವಿಚ್ಚು ತಿರುಗಿಸಿದರೆ ಭಾಷೆ ಬದಲಾಗುತ್ತದೆ. “ಇಂಥ ಮಗುವಿಗೆ ಒಂದೇ ಭಾಷೆ ಸಾಕು” ಎಂದು ಯಾರೋ ಅಕ್ಕನಿಗೆ ಹೇಳಿದ್ದರು. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಅದು ಹೇಗೆ ಸಾಧ್ಯ? ತುಳು ಬಿಟ್ಟರೆ ಅಜ್ಜಿಯೇ ಅವನ ಪಾಲಿಗೆ ಇಲ್ಲವಾಗುತ್ತಾರೆ. ಎರಡು ಭಾಷೆಗಳ ನಡುವೆ ಬೆಳೆಯುವ ಆಟಿಸಂ ಮಕ್ಕಳ ಮೇಲಿನ ಅಧ್ಯಯನಗಳಲ್ಲಿ ಎರಡನೆಯ ಭಾಷೆಯಿಂದ ಮಾತು ಹಿಂದೆ ಬಿದ್ದದ್ದು ಕಂಡುಬಂದಿಲ್ಲ. ಗುಂಡಿ ಕೊಟ್ಟರೆ ಬಾಯಿ ಬಿಡುವುದನ್ನೇ ಮರೆತಾನು ಎಂಬುದು ಬಾವನ ಭಯವಾಗಿತ್ತು. ಸಂಶೋಧಕರಾದ ಮಿಲರ್, ಲೈಟ್, ಶ್ಲೋಸರ್ ಅವರ 2006ರ ವಿಮರ್ಶೆ ಕೂಲಂಕಷವಾಗಿ ನೋಡಿದ 27 ಪ್ರಕರಣಗಳಲ್ಲಿ ಇಂಥ ನೆರವಿನಿಂದ ಮಾತು ಕುಗ್ಗಿದ್ದು ಒಂದರಲ್ಲೂ ಇಲ್ಲ. ಹೆಚ್ಚಿನವುಗಳಲ್ಲಿ ಮಾತು ಹೆಚ್ಚಿತ್ತು. ಅದನ್ನು ಓದಿ ಹೇಳಿದ ಮೇಲೆಯೇ ಬಾವ ಮೈಕಿನ ಮುಂದೆ ಕೂತರು.

ಅಳು ಶುರುವಾದರೆ ಹಸಿವೋ, ಸೆಕೆಯೋ, ನೋವೋ ಎಂದು ಊಹಿಸುವುದರಲ್ಲೇ ಆ ಮನೆಯ ಸಂಜೆ ಕಳೆಯುತ್ತಿತ್ತು. ಇಂದು ಮಧ್ಯಾಹ್ನ ಹುಡುಗ ಎರಡೂ ಕಿವಿ ಬಿಟ್ಟು ‘ಸಾಕು’ ಒತ್ತಿದ. ಅಕ್ಕ ತಟ್ಟೆ ತೆಗೆದರು. ಅಳುವ ಪ್ರಮೇಯವೇ ಬರಲಿಲ್ಲ.

ಮುಂದಿನ ಕೆಲಸ ದಿನಚರಿಯ ಪಟ್ಟಿ, ಇಂದು ಏನೇನಿದೆ ಎಂದು ಚಿತ್ರಗಳಲ್ಲಿ ತೋರಿಸುವ ಹಲಗೆ. ಮಳೆಗಾಲದಲ್ಲಿ ಜಿಲ್ಲಾಧಿಕಾರಿ ರಜೆ ಸಾರಿದ ದಿನ, ಚೀಲ ಹೆಗಲಿಗೇರಿಸಿ ನಿಂತ ಮಗುವಿಗೆ ‘ಇಂದು ಶಾಲೆ ಇಲ್ಲ’ ಎಂದು ತಿಳಿಸುವುದು ಹೇಗೆ? ‘ಮಳೆ ರಜೆ’ ಚಿತ್ರ ಇರಲೇಬೇಕು. ಚಿತ್ರ ಅಂಟಿಸಲು ಆಯಸ್ಕಾಂತ ಬೇಡ. ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಕರುಳನ್ನು ನಡುವೆ ಹಿಡಿದು ತೂತು ಮಾಡಬಲ್ಲವು. ವೆಲ್ಕ್ರೋ ಸಾಕು, ಚಿತ್ರ ಗುರುತಿಸಲು ರೇಡಿಯೋ ಅಲೆಯಿಂದ ಓದಬಹುದಾದ ಆರ್‌ಎಫ್‌ಐಡಿ ಬಿಲ್ಲೆ. ಬಿಲ್ಲೆ ಓದುವ ಆರ್‌ಸಿ522 ಮೇಜಿನ ಮೇಲೆ ಬಂದು ಕೂತಿದೆ, ಬೆಸುಗೆ ನಾಳೆ.