ಹಳೇ ಡೆಸ್ಕ್‌ಟಾಪ್‌ನ ಬೂಟ್ ಡಿಸ್ಕ್ ಎಲ್‌ವಿಎಂಗೆ ಹೋದ ಕತೆ

ಮೊದಲ ಶನಿವಾರ, ಸಂಜೆ

ರೂಟ್ ಪಾರ್ಟಿಷನ್, ಅಂದರೆ ಡಿಸ್ಕ್‌ನಲ್ಲಿ ಸಿಸ್ಟಂ ಫೈಲ್‌ಗಳಿಗೆ ಬಿಟ್ಟ ಭಾಗ, 97 ಪರ್ಸೆಂಟ್ ತುಂಬಿದೆ. ಮೊನ್ನೆ ಅಪ್‌ಡೇಟ್ ಹಾಕಲು ಹೋದರೆ ಜಾಗ ಇಲ್ಲ ಅಂತ ಅರ್ಧಕ್ಕೇ ನಿಂತಿತು. ಪಕ್ಕದಲ್ಲೇ, ನನ್ನ ಫೈಲ್‌ಗಳಿರುವ ಹೋಮ್‌ನಲ್ಲಿ ನೋಡಿದರೆ 300 ಜಿಬಿ ಖಾಲಿ ಬಿದ್ದಿದೆ. ಮಧ್ಯೆ ಬೇಲಿ. ಆರು ವರ್ಷದ ಹಿಂದೆ ನಾನೇ ಹಾಕಿದ ಬೇಲಿ: ರೂಟ್‌ಗೆ 40 ಜಿಬಿ, ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಜಾಗ) 4, ಉಳಿದಿದ್ದೆಲ್ಲ ಹೋಮ್‌ಗೆ. 40 ಜಿಬಿ ಧಾರಾಳ ಆಯ್ತು ಅಂತ ಆಗ ಅನಿಸಿತ್ತು.

ಮಷಿನ್ ಬಗ್ಗೆ ಎರಡು ಮಾತು. ಚಿಕ್ಕಮಗಳೂರಿನ ನಮ್ಮ ಮನೆಯ ಮೂಲೆಯಲ್ಲಿ ಕೂತಿರುವ ಹಳೇ ಡೆಸ್ಕ್‌ಟಾಪ್ ಇದು. ಬಯೋಸ್ ಕಾಲದ್ದು, 500 ಜಿಬಿ ಹಾರ್ಡ್ ಡಿಸ್ಕ್, ಡೆಬಿಯನ್ ಲಿನಕ್ಸ್. ಆಲ್ದೂರು ಕಡೆ ಇರುವ ದೊಡ್ಡಪ್ಪನ ಕಾಫಿ ತೋಟದ ಲೆಕ್ಕವೆಲ್ಲ ಇದರಲ್ಲೇ. ಆಳುಗಳ ಬಟವಾಡೆ, ಗೊಬ್ಬರದ ಖರ್ಚು, ಎಲ್ಲಕ್ಕಿಂತ ಜಾಸ್ತಿ, ಮಳೆ. ತೋಟದವರು ಇವತ್ತಿಗೂ ಮಳೆಯನ್ನು ಇಂಚು, ಸೆಂಟ್ಸ್‌ನಲ್ಲೇ ಹೇಳುತ್ತಾರೆ. 100 ಸೆಂಟ್ಸ್ ಸೇರಿದರೆ ಒಂದು ಇಂಚು. ದಿನಾ ಬೆಳಿಗ್ಗೆ ದೊಡ್ಡಪ್ಪ ಮಳೆಮಾಪಕ ನೋಡಿ ಫೋನ್ ಮಾಡುತ್ತಾರೆ, ನಾನು ಶೀಟ್‌ಗೆ ತುಂಬುತ್ತೇನೆ. ಅವರ ಹಳೇ ನೋಟ್‌ಬುಕ್‌ಗಳ ಸ್ಕ್ಯಾನ್ ಕೂಡ ಇಲ್ಲೇ ಇದೆ. ಹಾಗಾಗಿ ಈ ಡಿಸ್ಕ್ ಜೊತೆ ಆಟ ಆಡುವಾಗ ಕೈ ಸ್ವಲ್ಪ ನಡುಗುತ್ತದೆ.

ಬೇಲಿಯನ್ನು ಒಂದು ಸಲ ಕಿತ್ತು ಸರಿಸಿದರೆ ಇನ್ನೊಂದು ಆರು ವರ್ಷಕ್ಕೆ ಮತ್ತೆ ಇದೇ ಗೋಳು. ಅದಕ್ಕೆ ಇಡೀ ಡಿಸ್ಕ್ ಅನ್ನೇ ಎಲ್‌ವಿಎಂ ಕೈಗೆ ಕೊಡುವುದು ಅಂತ ತೀರ್ಮಾನ. ಎಲ್‌ವಿಎಂ ಅಂದರೆ ಲಿನಕ್ಸ್‌ನ ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್: ಡಿಸ್ಕ್‌ಗಳನ್ನು ಒಂದು ಗ್ರೂಪ್‌ಗೆ ಸೇರಿಸಿ, ಅದರೊಳಗೆ ಬೇಕಾದಾಗ ಹಿಗ್ಗಿಸಬಹುದಾದ ವಾಲ್ಯೂಮ್‌ಗಳನ್ನು ಮಾಡಿಕೊಡುತ್ತದೆ.

ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಸೋಲಾರಿಸ್ ಸರ್ವರ್‌ಗಳಲ್ಲಿ ಇದೇ ಥರದ ವೆರಿಟಾಸ್ ವಾಲ್ಯೂಮ್ ಮ್ಯಾನೇಜರ್ ಇತ್ತು. ಅದರಲ್ಲಿ ಎನ್‌ಕ್ಯಾಪ್ಸುಲೇಷನ್ ಅಂತ ಒಂದು ವಿದ್ಯೆ. ಬೂಟ್ ಡಿಸ್ಕ್‌ನಲ್ಲಿರುವ ಡೇಟಾವನ್ನು ಅಲುಗಾಡಿಸದೆ, ಸ್ವಾಪ್‌ನಿಂದ ಒಂಚೂರು ಜಾಗ ಕಿತ್ತು ತನ್ನ ಲೆಕ್ಕದ ಪುಸ್ತಕವನ್ನು ಅಲ್ಲಿ ಇಟ್ಟುಕೊಳ್ಳುತ್ತಿತ್ತು. ಡೇಟಾ ಇದ್ದಲ್ಲೇ ಇರುತ್ತದೆ, ಯಜಮಾನ ಮಾತ್ರ ಬದಲಾಗುತ್ತಾನೆ. ಲಿನಕ್ಸ್‌ನ ಎಲ್‌ವಿಎಂ ಹಾಗಲ್ಲ. ಪಾರ್ಟಿಷನ್ ಅನ್ನು ಅದಕ್ಕೆ ಒಪ್ಪಿಸುವ ಪಿವಿಕ್ರಿಯೇಟ್ ಕಮಾಂಡ್ ಕೊಟ್ಟರೆ ಪಾರ್ಟಿಷನ್‌ನ ಎರಡನೇ ಸೆಕ್ಟರ್‌ನಲ್ಲಿ (ಒಂದು ಸೆಕ್ಟರ್ ಅಂದರೆ 512 ಬೈಟ್) ಲೇಬಲ್ ಬರೆಯುತ್ತದೆ, ಅದರ ಹಿಂದೆಯೇ ತನ್ನ ಲೆಕ್ಕದ ಪುಸ್ತಕ, ಅಂದರೆ ಮೆಟಾಡೇಟಾ. ಸಾಮಾನ್ಯವಾಗಿ ಮೊದಲ 1 ಎಂಬಿ ಪೂರ್ತಿ ಅದಕ್ಕೇ ಮೀಸಲು. ಈಗಿರುವ ಫೈಲ್‌ಸಿಸ್ಟಂ ಎಕ್ಸ್‌ಟಿ4 ತನ್ನ ಮುಖ್ಯ ವಿವರಗಳ ಸೂಪರ್‌ಬ್ಲಾಕ್ ಇಡುವುದು ಶುರುವಿನಿಂದ 1024 ಬೈಟ್ ದಾಟಿದ ಮೇಲೆ. ಇಬ್ಬರಿಗೂ ಒಂದೇ ಜಗುಲಿ ಬೇಕು. ಹಾಗಾಗಿ ಇದ್ದಲ್ಲೇ ಪರಿವರ್ತನೆ ಆಗುವ ಮಾತಿಲ್ಲ. ಮನೆ ಸಾಮಾನು ಹೊರಗಿಟ್ಟು, ನೆಲ ಹಾಕಿಸಿ, ವಾಪಸ್ ತರಬೇಕು.

ಹೊರಗಿಡಲು ಜಾಗ: ಸತ್ತ ಲ್ಯಾಪ್‌ಟಾಪ್‌ನಿಂದ ಬಿಚ್ಚಿಟ್ಟ 320 ಜಿಬಿ ಡಿಸ್ಕ್. ಸ್ಮಾರ್ಟ್, ಅಂದರೆ ಡಿಸ್ಕ್‌ನ ಆರೋಗ್ಯದ ವರದಿ, ನೋಡಿದೆ. ಕೆಟ್ಟ ಸೆಕ್ಟರ್ ಇಲ್ಲ: ರೀಅಲೊಕೇಟೆಡ್ ಸೊನ್ನೆ, ಪೆಂಡಿಂಗ್ ಸೊನ್ನೆ. ವಯಸ್ಸಾಗಿದೆ, ಆದರೆ ಗಟ್ಟಿ. ಎಂ.ಜಿ. ರಸ್ತೆಗೆ ಹೋಗಿ ಒಂದು ಸಾಟಾ ಕೇಬಲ್ ತಂದೆ. ಮಳೆಯಲ್ಲಿ ಕೇಬಲ್ ಒಣಗಿತ್ತು, ನಾನು ನೆಂದಿದ್ದೆ. ತೋಟದ ಶೀಟ್‌ಗಳನ್ನು ಪೆನ್‌ಡ್ರೈವ್‌ಗೆ ಒಂದು ಕಾಪಿ ಹಾಕಿಟ್ಟು ಮಲಗಿದೆ.

ಮೊದಲ ಭಾನುವಾರ

ಲೈವ್ ಪೆನ್‌ಡ್ರೈವ್‌ನಿಂದ, ಅಂದರೆ ಲಿನಕ್ಸ್ ನೇರವಾಗಿ ಓಡುವ ಪೆನ್‌ಡ್ರೈವ್‌ನಿಂದ, ಬೂಟ್ ಮಾಡಿಕೊಂಡೆ. ಓಡುತ್ತಿರುವ ರೂಟ್ ಅನ್ನು ಕಾಪಿ ಮಾಡುವುದು ನನಗೆ ಇಷ್ಟವಿಲ್ಲ. ಕಾಪಿ ಆಗುವಾಗಲೇ ಫೈಲ್ ಬದಲಾಗುತ್ತಿರುತ್ತವೆ.

320ರ ಡಿಸ್ಕ್‌ನಲ್ಲಿ ಮೊದಲೇ ಇಡೀ ಡಿಸ್ಕ್ ಅಗಲಕ್ಕೆ ಒಂದು ಪಾರ್ಟಿಷನ್ ಇತ್ತು. ಸುಮ್ನೆ ಯಾಕೆ ಅಂತ ಅದನ್ನೇ ಇಟ್ಟುಕೊಂಡೆ. ಪಿವಿಕ್ರಿಯೇಟ್, ಗ್ರೂಪ್ ಕಟ್ಟಲು ವಿಜಿಕ್ರಿಯೇಟ್, ಅದರೊಳಗೆ ವಾಲ್ಯೂಮ್ ಮಾಡಲು ಎಲ್‌ವಿಕ್ರಿಯೇಟ್, ಐದು ನಿಮಿಷದ ಕೆಲಸ. ಗ್ರೂಪ್‌ಗೆ 'ತೋಟ-ಮನೆ' ಅಂತ ಹೆಸರಿಟ್ಟೆ. ವಾಲ್ಯೂಮ್‌ಗಳ ಹೆಸರು ಕಾಣುವ ಮ್ಯಾಪರ್ ಡೈರೆಕ್ಟರಿಯಲ್ಲಿ ನೋಡಿದರೆ ಮಧ್ಯದ ಅಡ್ಡಗೆರೆ ಎರಡಾಗಿದೆ. ಗ್ರೂಪ್ ಮತ್ತು ವಾಲ್ಯೂಮ್ ಹೆಸರಿನ ನಡುವೆ ಎಲ್‌ವಿಎಂ ಒಂದು ಅಡ್ಡಗೆರೆ ಹಾಕುತ್ತದೆ, ನಮ್ಮ ಹೆಸರಿನೊಳಗೇ ಒಂದು ಇದ್ದರೆ ಗೊಂದಲ ಆಗದಿರಲಿ ಅಂತ ಅದನ್ನು ಜೋಡಿ ಮಾಡುತ್ತದೆ. ಕಣ್ಣಿಗೆ ಹಿಂಸೆ. ಅಳಿಸಿ ಬರೀ 'ತೋಟ' ಮಾಡಿದೆ. ಒಳಗೆ 60 ಜಿಬಿಯ 'ಬೇರು', 180ರ 'ಮನೆ', 4ರ ಸ್ವಾಪ್. ರೂಟ್‌ಗೆ ಕನ್ನಡದಲ್ಲಿ ಬೇರು ಅಂತಲೇ ತಾನೇ!

ಫೈಲ್ ಕಾಪಿ ಮಾಡುವ ಆರ್‌ಸಿಂಕ್ ಎರಡು ಗಂಟೆ ತಿಂದಿತು. ಹಾರ್ಡ್‌ಲಿಂಕ್, ಎಸಿಎಲ್ (ಯಾರಿಗೆ ಏನು ಅನುಮತಿ ಅನ್ನುವ ಪಟ್ಟಿ), ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್, ಮೂರಕ್ಕೂ ಆಯ್ಕೆ ಕೊಡುವುದು ಮರೆಯಬಾರದು. ಆಮೇಲೆ ಡೆವ್, ಪ್ರಾಕ್, ಸಿಸ್ ಡೈರೆಕ್ಟರಿಗಳನ್ನು ಬೈಂಡ್ ಮಾಡಿ, ಕ್ರೂಟ್ ಕಮಾಂಡ್‌ನಿಂದ ಹೊಸ ಕಾಪಿಯ ಒಳಗೆ ಹೊಕ್ಕು, ಎಲ್‌ವಿಎಂ2 ಪ್ಯಾಕೇಜ್ ಹಾಕಿ, ಬೂಟ್ ಆಗುವಾಗ ಕರ್ನಲ್ ಮೊದಲು ಬಳಸುವ ಪುಟ್ಟ ಫೈಲ್‌ಸಿಸ್ಟಂ ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಕಟ್ಟಿಸಿದೆ. ಇದು ಆಗದಿದ್ದರೆ ಕರ್ನಲ್‌ಗೆ ಬೇರು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ.

ಆಮೇಲೆ, ಮಷಿನ್ ಆನ್ ಆದಾಗ ಲಿನಕ್ಸ್ ಅನ್ನು ಎಬ್ಬಿಸುವ ಗ್ರಬ್ ಇನ್‌ಸ್ಟಾಲ್. ಎರರ್. ಕೋರ್ ಇಮೇಜ್ ತುಂಬಾ ದೊಡ್ಡದು, ಜಾಗದಲ್ಲಿ ಹಿಡಿಸುವುದಿಲ್ಲ ಅಂತ.

ತಲೆ ಕೆರೆದುಕೊಂಡು ಕೂತೆ. ಪಾರ್ಟಿಷನ್ ಟೇಬಲ್ ತೆಗೆದು ನೋಡಿದ ಮೇಲೆ ಬೆಳಕು ಹರಿಯಿತು. ಮೊದಲ ಪಾರ್ಟಿಷನ್ ಶುರುವಾಗುವುದು 63ನೇ ಸೆಕ್ಟರ್‌ಗೆ. ಹಳೇ ಕಾಲದ ಪದ್ಧತಿ. ಬೂಟ್ ಸೆಕ್ಟರ್ ಮತ್ತು ಪಾರ್ಟಿಷನ್ ನಡುವೆ 62 ಸೆಕ್ಟರ್, ಅಂದರೆ 31,744 ಬೈಟ್. ಗ್ರಬ್ ತನ್ನ ಗಂಟುಮೂಟೆ, ಅಂದರೆ ಆ ಕೋರ್ ಇಮೇಜ್, ಇಡುವುದು ಅಲ್ಲೇ. ಬರೀ ಎಕ್ಸ್‌ಟಿ4 ಓದಲು ಅಷ್ಟು ಸಾಕಾಗುತ್ತದೆ. ಎಲ್‌ವಿಎಂ ಓದುವ ಮಾಡ್ಯೂಲ್ ಸೇರಿದಾಗ ಗಂಟು ದಪ್ಪ ಆಯಿತು. ಈಗಿನ ಪದ್ಧತಿಯಂತೆ 2048ನೇ ಸೆಕ್ಟರ್‌ನಿಂದ ಶುರು ಮಾಡಿದ್ದರೆ 1 ಎಂಬಿ ಹತ್ತಿರ ಜಾಗ ಸಿಗುತ್ತಿತ್ತು. ಐದು ನಿಮಿಷ ಉಳಿಸಲು ಹೋಗಿ ಎರಡು ಗಂಟೆಯ ಕಾಪಿ ನೀರುಪಾಲು. ಎಲ್ಲ ಅಳಿಸಿ, 2048ರಿಂದ ಹೊಸ ಪಾರ್ಟಿಷನ್ ಮಾಡಿ, ಮತ್ತೆ ಮೊದಲಿಂದ.

ಎರಡನೇ ಸಲ ಗ್ರಬ್ ತೆಪ್ಪಗೆ ಕೂತಿತು. ಬೂಟ್ ಆಗುವಾಗ ಯಾವುದನ್ನು ಎಲ್ಲಿ ಮೌಂಟ್ ಮಾಡಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ರೂಟ್ ಸಾಲು ತಿದ್ದುವಾಗ ಊಟಕ್ಕೆ ಕರೆದರು. ಉಂಡು ಬಂದು, ಬಯೋಸ್‌ನಲ್ಲಿ 320ರ ಡಿಸ್ಕ್ ಮೊದಲು ಅಂತ ಹೇಳಿ ರೀಬೂಟ್ ಮಾಡಿದೆ. ಲಾಗಿನ್ ಬಂತು. ಮೌಂಟ್ ಆಗಿರುವುದನ್ನೆಲ್ಲ ತೋರಿಸುವ ಡಿಎಫ್ ಕಮಾಂಡ್ ಕೊಟ್ಟರೆ ಮೊದಲ ಸಾಲಿನಲ್ಲೇ 'ತೋಟ-ಬೇರು'. ಖುಷಿಯಾಗಿ ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದೆ.

ಎರಡನೇ ಶನಿವಾರ

ವಾರವಿಡೀ ಇದರಲ್ಲೇ ಕೆಲಸ ಮಾಡಿದೆ. ಏನೂ ತೊಂದರೆ ಇಲ್ಲ. ಇವತ್ತು ಹಳೇ 500ರ ಡಿಸ್ಕ್ ಅಳಿಸುವ ದಿನ. ಅಳಿಸುವ ಮುಂಚೆ ಅದರ ಕೇಬಲ್ ಕಿತ್ತು ಒಂದು ಸಲ ಬೂಟ್ ಮಾಡಿ ನೋಡೋಣ ಅನಿಸಿತು. ಯಾಕೆ ಅನಿಸಿತೋ, ದೇವರಾಣೆ ಗೊತ್ತಿಲ್ಲ.

ಮೊದಲು ಅರ್ಧ ನಿಮಿಷ ಸುಮ್ಮನೆ ನಿಂತಿತು. ಆಮೇಲೆ ಪರದೆಯ ಮೇಲೆ ಕೆಂಪು ಚುಕ್ಕಿಗಳು ಅತ್ತಿಂದಿತ್ತ ಓಡಾಡತೊಡಗಿದವು. ಯಾವುದೋ ಯುಯುಐಡಿಗೆ (ಪಾರ್ಟಿಷನ್‌ನ ಗುರುತಿನ ಸಂಖ್ಯೆ) ಕಾಯುತ್ತಿದ್ದೇನೆ, ಮಿತಿ ಒಂದೂವರೆ ನಿಮಿಷ ಅಂತ ಬರಹ. 90 ಸೆಕೆಂಡು ಮುಗಿಯಿತು. ಎಮರ್ಜೆನ್ಸಿ ಮೋಡ್.

ಎಫ್‌ಎಸ್‌ಟ್ಯಾಬ್ ತೆರೆದೆ. ರೂಟ್ ಸಾಲು ಹೊಸದು. ಹೋಮ್ ಸಾಲು ಹಳೇ ಯುಯುಐಡಿ. ಸ್ವಾಪ್ ಕೂಡ ಹಳೆಯದೇ. ಊಟಕ್ಕೆ ಎದ್ದವನು ವಾಪಸ್ ಬಂದು ಉಳಿದ ಎರಡು ಸಾಲು ಮುಟ್ಟಿಯೇ ಇಲ್ಲ.

ಇದರ ಅರ್ಥ ಏನು ಗೊತ್ತಾ? ಒಂದು ವಾರ ನಾನು ಹೊಸ ಬೇರಿನ ಮೇಲೆ ನಿಂತು ಹಳೇ ಮನೆಯಲ್ಲೇ ವಾಸ ಮಾಡುತ್ತಿದ್ದೆ. ಭಾನುವಾರ ಕಾಪಿ ಆದ 'ಮನೆ' ವಾಲ್ಯೂಮ್‌ಗೆ ಆಮೇಲೆ ಒಂದು ಬೈಟ್ ಕೂಡ ಹೋಗಿಲ್ಲ. ವಾರದ ಮಳೆ, ಶುಕ್ರವಾರದ ಬಟವಾಡೆ, ಎಲ್ಲ ನಾನು ಅಳಿಸಲು ಹೊರಟಿದ್ದ ಡಿಸ್ಕ್‌ನಲ್ಲಿ! ಡಿಎಫ್ ಅವತ್ತೇ ಹೇಳಿತ್ತು. ನಾನು ಮೊದಲ ಸಾಲು ಮಾತ್ರ ಓದಿದ್ದೆ.

ದೊಡ್ಡಪ್ಪನಿಗೆ ಫೋನ್‌ನಲ್ಲಿ ಹೇಳಿದೆ. "ಎಂಥ ಮಾರಾಯ, ಮಂಗಳವಾರದ ಮಳೆ ಕಳೆದುಹೋಗ್ತಿತ್ತಾ? ಬಂದು ನೋಡು, ಎಲ್ಲಾ ನಮ್ಮ ಗದ್ದೇಲೇ ನಿಂತಿದೆ" ಅಂದರು. ಆಮೇಲೆ, "ಇವತ್ತಿಂದು ಎರಡು ಇಂಚು ನಲವತ್ತು ಸೆಂಟ್ಸ್. ಗಟ್ಟಿ ಜಾಗದಲ್ಲಿ ಬರ್ಕೋ."

ಕೇಬಲ್ ಮತ್ತೆ ಸಿಕ್ಕಿಸಿ, ಲೈವ್ ಪೆನ್‌ಡ್ರೈವ್‌ನಿಂದ ಹೋಮ್ ಮತ್ತೊಮ್ಮೆ ಆರ್‌ಸಿಂಕ್ ಮಾಡಿದೆ. ಮೊದಲು ಬರೀ ಡ್ರೈ ರನ್, ಏನೇನು ಕಾಪಿ ಆಗಲಿದೆ ಅನ್ನುವ ಪಟ್ಟಿ ಓದಿ ಆಮೇಲೆ ನಿಜವಾದ್ದು. ಎಫ್‌ಎಸ್‌ಟ್ಯಾಬ್ ಮೂರೂ ಸಾಲು ತಿದ್ದಿದೆ. ಆ ಮೊದಲ ಅರ್ಧ ನಿಮಿಷದ ಗುಟ್ಟೂ ಸಿಕ್ಕಿತು: ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ, ಹೈಬರ್ನೇಟ್‌ನಿಂದ ಏಳಲು ಎಲ್ಲಿ ನೋಡಬೇಕು ಅಂತ ಹೇಳುವ ರೆಸ್ಯೂಮ್ ಫೈಲ್‌ನಲ್ಲಿ ಹಳೇ ಸ್ವಾಪ್‌ನ ಯುಯುಐಡಿ ಕೂತಿತ್ತು. ಅದನ್ನೂ ಬದಲಿಸಿ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿಸಿದೆ. ಕೇಬಲ್ ಕಿತ್ತು ಮತ್ತೆ ಬೂಟ್. ಈ ಸಲ ಎಲ್ಲೂ ನಿಲ್ಲಲಿಲ್ಲ. ಯಾವುದು ಎಲ್ಲಿ ಮೌಂಟ್ ಆಗಿದೆ ಅಂತ ಹೇಳುವ ಫೈಂಡ್‌ಮೌಂಟ್ ಕೊಟ್ಟು ಕೊನೆಯ ಸಾಲಿನ ತನಕ ಬೆರಳಿಟ್ಟು ಓದಿದೆ.

ಎರಡನೇ ಭಾನುವಾರ

500ರ ಡಿಸ್ಕ್‌ಗೆ ಹೊಸ ಪಾರ್ಟಿಷನ್ ಟೇಬಲ್. 2048ರಿಂದ ಒಂದೇ ಪಾರ್ಟಿಷನ್. ಪಿವಿಕ್ರಿಯೇಟ್, ವಿಜಿಎಕ್ಸ್‌ಟೆಂಡ್. ಈಗ ತೋಟದಲ್ಲಿ ಎರಡು ಡಿಸ್ಕ್.

ಇಲ್ಲಿಂದ ಮುಂದಿನದ್ದೇ ನಾನು ಇಷ್ಟು ದಿನ ಕಾದಿದ್ದ ಭಾಗ: ಪಿವಿಮೂವ್. ಮಷಿನ್ ಓಡುತ್ತಿರುವಾಗಲೇ, ರೂಟ್ ಮೌಂಟ್ ಆಗಿರುವಾಗಲೇ, ಕಾಲ ಕೆಳಗಿನ ಡಿಸ್ಕ್ ಬದಲಿಸುತ್ತದೆ. ಹೊರುವ ಒಂದೊಂದು ತುಂಡು, ಅಂದರೆ ಎಕ್ಸ್‌ಟೆಂಟ್, 4 ಎಂಬಿ. ನನ್ನ 244 ಜಿಬಿಗೆ 62,464 ಎಕ್ಸ್‌ಟೆಂಟ್. ಒಳಗೆ ಫೈಲ್ ಇದೆಯೋ ಖಾಲಿಯೋ ಅದು ನೋಡುವುದಿಲ್ಲ, ವಾಲ್ಯೂಮ್ ಎಷ್ಟು ದೊಡ್ಡದೋ ಅಷ್ಟನ್ನೂ ಹೊರುತ್ತದೆ. ಮೊದಲೇ 'ಮನೆ'ಯನ್ನು ಚಿಕ್ಕದಾಗಿ ಮಾಡಿದ್ದರೆ ಬೇಗ ಮುಗಿಯುತ್ತಿತ್ತು.

38 ಪರ್ಸೆಂಟ್‌ಗೆ ಕರೆಂಟ್ ಹೋಯಿತು. ಜುಲೈ ತಿಂಗಳ ಚಿಕ್ಕಮಗಳೂರು, ಹೋಗದಿದ್ದರೆ ಆಶ್ಚರ್ಯ. ಯುಪಿಎಸ್ ಕುಯ್ಯಿಗುಡತೊಡಗಿತು. ಬ್ಯಾಟರಿ ಹೆಚ್ಚೆಂದರೆ 20 ನಿಮಿಷ. ಕೈಪಿಡಿಯ ಪ್ರಕಾರ ಮಧ್ಯೆ ಮಷಿನ್ ಬಿದ್ದರೂ ಆಮೇಲೆ ಬರೀ ಪಿವಿಮೂವ್ ಅಂತ ಕೊಟ್ಟರೆ ಬಿಟ್ಟ ಕಡೆಯಿಂದ ಮುಂದುವರಿಯುತ್ತದೆ. ಬೇಡ ಅನಿಸಿದರೆ ಅಬಾರ್ಟ್ ಕೂಡ ಇದೆ. ನಾನು ಪರೀಕ್ಷೆ ಮಾಡಲು ಹೋಗಲಿಲ್ಲ. ಮಾನಿಟರ್ ಆರಿಸಿ, ಕತ್ತಲಲ್ಲಿ ಕೂತು ಡಿಸ್ಕ್ ಸದ್ದು ಕೇಳಿದೆ. ಹನ್ನೊಂದನೇ ನಿಮಿಷಕ್ಕೆ ಕರೆಂಟ್ ಬಂತು.

ಮುಗಿಯಲು ಒಂದೂಕಾಲು ಗಂಟೆ. ಆಮೇಲೆ 500ರ ಡಿಸ್ಕ್‌ಗೆ ಗ್ರಬ್. ಎಲ್‌ವಿಎಂ ಇದ್ದಾಗ ಗ್ರಬ್ ಡಿಸ್ಕ್‌ನ ಹೆಸರು ಹಿಡಿದು ಹುಡುಕುವುದಿಲ್ಲ, ಗ್ರೂಪ್ ಮತ್ತು ವಾಲ್ಯೂಮ್‌ನ ಯುಯುಐಡಿ ಹಿಡಿದು ಹುಡುಕುತ್ತದೆ. ಹಾಗಾಗಿ ಬೇರು ಯಾವ ಡಿಸ್ಕ್‌ಗೆ ಹೋದರೂ ಅದಕ್ಕೆ ತಲೆಬಿಸಿ ಇಲ್ಲ. ಹೊಸ ಡಿಸ್ಕ್‌ನ ತಲೆಯಲ್ಲಿ ಗ್ರಬ್ ಇರಬೇಕು, ಅಷ್ಟೇ. ವಿಜಿರೆಡ್ಯೂಸ್, ಪಿವಿರಿಮೂವ್, 320ರ ಡಿಸ್ಕ್‌ಗೆ ವಿಶ್ರಾಂತಿ. ಕೇಬಲ್ ಕಿತ್ತು ಬೂಟ್ ಮಾಡಿದೆ. ಬಂತು.

ಬುಧವಾರ, ಸಣ್ಣ ಅಪ್‌ಡೇಟ್

ಗ್ರೂಪ್‌ನ ಲೆಕ್ಕ ಹೇಳುವ ವಿಜಿಎಸ್ ಪ್ರಕಾರ 221 ಜಿಬಿ ಚಿಲ್ಲರೆ ಖಾಲಿ. ಪೂರ್ತಿ ಹಂಚಿಲ್ಲ, ಬೇಕಂತಲೇ. ಎಕ್ಸ್‌ಟಿ4 ಅನ್ನು ಹಿಗ್ಗಿಸಲು ಮೌಂಟ್ ತೆಗೆಯಬೇಕಿಲ್ಲ, ಕುಗ್ಗಿಸಬೇಕಾದರೆ ತೆಗೆಯಲೇಬೇಕು. ಬೇರಿಗೆ 20 ಜಿಬಿ ಸೇರಿಸಿದೆ, ಫೈಲ್‌ಸಿಸ್ಟಂ ಕೂಡ ಜೊತೆಗೇ ಬೆಳೆಯುವ ಆಯ್ಕೆ ಕೊಟ್ಟು. ಮೂರು ಸೆಕೆಂಡು. ಆರು ವರ್ಷದ ಬೇಲಿ ಮೂರು ಸೆಕೆಂಡಿಗೆ!

ನಿಂತಿದ್ದ ಅಪ್‌ಡೇಟ್ ಹಾಕುವ ಮುಂಚೆ ಬೇರಿನ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆದೆ, 10 ಜಿಬಿಯದ್ದು. ಅಪ್‌ಡೇಟ್ ಸಲೀಸಾಗಿ ಹೋಯಿತು, ಸ್ನ್ಯಾಪ್‌ಶಾಟ್ ಅಳಿಸಿದೆ. ಇಟ್ಟುಕೊಂಡರೆ ಪ್ರತಿ ಬರಹಕ್ಕೂ ಡಿಸ್ಕ್‌ಗೆ ಜಾಸ್ತಿ ಕೆಲಸ, ತುಂಬಿದರೆ ಅದು ಕೆಟ್ಟೂ ಹೋಗುತ್ತದೆ. ಸೆಟ್ಟಿಂಗ್ ಫೈಲ್‌ಗಳಿರುವ ಇಟಿಸಿಯ ಒಳಗಿನ ಎಲ್‌ವಿಎಂ ಡೈರೆಕ್ಟರಿಯಲ್ಲಿ ಮೆಟಾಡೇಟಾದ ಬ್ಯಾಕಪ್ ತಾನಾಗೇ ಬಿದ್ದಿದೆ, ಬರೀ ಟೆಕ್ಸ್ಟ್ ಫೈಲ್. ಅದನ್ನು ತೋಟದ ಶೀಟ್ ಇರುವ ಪೆನ್‌ಡ್ರೈವ್‌ಗೇ ಹಾಕಿದೆ.

320ರ ಡಿಸ್ಕ್ ಮೇಲೆ 'ಖಾಲಿ, ಗಟ್ಟಿ' ಅಂತ ಚೀಟಿ ಅಂಟಿಸಿ ಡ್ರಾಯರ್‌ಗೆ ಹಾಕಿದ್ದೇನೆ. ಇವತ್ತಿನ ಮಳೆ ಒಂದು ಇಂಚು ಐದು ಸೆಂಟ್ಸ್.